ಬಾಂಬ್ ಶೆಲ್ಟರಿನಲ್ಲಿ ಒಂದು ಆನೆ

"ಈ ಸಲ ನವರಾತ್ರಿಗೆ ಆನೆ ನಾನೇ ಮಾಡ್ತೀನಿ! ಅಂಗಡಿಯಿಂದ ತರೋದಲ್ಲ. ಪ್ಲಾಸ್ಟಿಕ್ ಇಲ್ಲ, ಥರ್ಮೋಕೋಲ್ ಇಲ್ಲ, ಟ್ಯೂಬಿನ ಗಮ್ಮೂ ಇಲ್ಲ. ಒಣಗಿದ ಎಲೆ, ನಾರು, ಕಾಯಿ, ಬೀಜ. ಬರೀ ಪ್ರಕೃತಿ!"

ಸಿಂಗಾಪುರದ ಚೋವಾ ಚು ಕಾಂಗ್‌ನ ಒಂಬತ್ತನೇ ಮಹಡಿಯ ಫ್ಲ್ಯಾಟಿನಲ್ಲಿ, ಸಾರನ್ನ ಕಲೆಸುತ್ತಿದ್ದ ಕೈಯನ್ನು ಹಾಗೇ ಮೇಲಕ್ಕೆತ್ತಿ ದ್ವಾರಕನಾಥರು ಈ ಘೋಷಣೆ ಹೊರಡಿಸಿದರು. ಜುರಾಂಗ್ ಐಲ್ಯಾಂಡಿನ ತೈಲ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಪ್ರೋಸೆಸ್ ಎಂಜಿನಿಯರ್ ಆಗಿ ಸವೆದ ಜೀವ. ನೂರಡಿ ಎತ್ತರದ ಕಬ್ಬಿಣದ ಗೋಪುರದೊಳಗೆ ಕುದಿಯುವ ಎಣ್ಣೆಯನ್ನೇ ಹೇಳಿದಂತೆ ಕೇಳಿಸುವ ಮಹಾನುಭಾವರಿಗೆ ಎರಡೂವರೆ ಅಡಿಯ ಒಣ ಆನೆ ಯಾವ ಲೆಕ್ಕ!

"ಮೊದಲು ಕೈ ಇಳಿಸಿ. ಸಾರು ಮೊಣಕೈಗೆ ಬಂತು," ಎಂದಳು ಹೆಂಡತಿ ಮೀರಾ.

"ಅಪ್ಪ, ನೀನು ವರ್ಕ್‌ಶಾಪಲ್ಲಿ ಮಾಡಿದ ಹಕ್ಕಿ ಸ್ಲಿಪ್ಪರ್ ಥರ ಇತ್ತು ಲಾ," ಎಂದಳು ಪಾಲಿಟೆಕ್ನಿಕ್‌ನಲ್ಲಿ ಓದುತ್ತ ಸಿಂಗಾಪುರದ 'ಲಾ', 'ಆ'ಗಳನ್ನು ನಾಲಿಗೆಗೆ ಹತ್ತಿಸಿಕೊಂಡ ಮಗಳು ಸಂಹಿತಾ.

ಈ ವರ್ಕ್‌ಶಾಪಿನ ವಿಷಯ ಹೇಳಲೇಬೇಕು. ಮನೆ ಹತ್ತಿರದ ಕಮ್ಯುನಿಟಿ ಸೆಂಟರಿನಲ್ಲಿ ಒಂದು ಶನಿವಾರ 'ಒಣ ಗಿಡಗಳಿಂದ ಶಿಲ್ಪ' ಎಂಬ ಮೂರು ಗಂಟೆಯ ತರಬೇತಿ ನಡೆದಿತ್ತು. ಕಲಿಸಿದ ಚೀನೀ ಆಂಟಿ ಮೊದಲಿಗೇ ಮೂರು ಮಾತು ಹೇಳಿದ್ದರು: ಚೆನ್ನಾಗಿ ಒಣಗಿಸಿ, ಚಿಕ್ಕದರಿಂದ ಶುರು ಮಾಡಿ, ಆತುರ ಬೇಡ. ದ್ವಾರಕನಾಥರು ಮೊದಲನೆಯದನ್ನು ಬರೆದುಕೊಂಡರು, ಉಳಿದೆರಡು ತಮ್ಮಂಥವರಿಗಲ್ಲ ಎಂದು ಪೆನ್ನು ಮುಚ್ಚಿದರು. ಕೊನೆಗೆ ಎಲ್ಲರಿಗೂ, ಹಾಜರಿದ್ದ ತಪ್ಪಿಗೆ, ಒಂದೊಂದು ಸರ್ಟಿಫಿಕೇಟ್ ಸಿಕ್ಕಿತು. ಎಂ.ಟೆಕ್ ಪದವಿ ಪತ್ರ ಬೀರುವಿನ ತಳದಲ್ಲಿ ಕೊಳೆಯುತ್ತಿದ್ದರೂ ಈ ಸರ್ಟಿಫಿಕೇಟನ್ನು ಮಾತ್ರ ಲ್ಯಾಮಿನೇಟ್ ಮಾಡಿಸಿ ಫ್ರಿಜ್ಜಿನ ಮೇಲೆ ಅಂಟಿಸಿದ್ದರು.

ಆನೆಯೇ ಯಾಕೆ? ಅದಕ್ಕೊಂದು ದುಃಖದ ಕಥೆಯಿದೆ.

ಮೀರಾಳ ಮನೆತನದ ಪಟ್ಟದ ಗೊಂಬೆಗಳು, ಅಂದರೆ ದಸರಾದಲ್ಲಿ ಮೊದಲು ಕೂರಿಸುವ ರಾಜ ರಾಣಿಯರು, ಅವಳ ಅಜ್ಜಿಯ ಕಾಲದವು. ರಕ್ತಚಂದನದ ಜೋಡಿ. ಅವರಿಬ್ಬರಿಗೂ ಕೂರಲು ಅಂಬಾರಿ ಹೊತ್ತ ಒಂದು ಮರದ ಆನೆಯಿತ್ತು. ಎಂಟು ವರ್ಷದ ಹಿಂದೆ ಮನೆ ಶಿಫ್ಟ್ ಮಾಡುವಾಗ, ಪ್ಯಾಕಿಂಗ್ ಒಂದು ವಿಜ್ಞಾನ ಎಂದು ಭಾಷಣ ಬಿಗಿದ ದ್ವಾರಕನಾಥರು ಆ ಆನೆಯ ಮೇಲೆ ರೈಸ್ ಕುಕ್ಕರ್ ಇಟ್ಟರು. ಕುಕ್ಕರ್ ಮೇಲೆ ಒರಳುಕಲ್ಲು ಇಟ್ಟರು. ಕುಕ್ಕರಿಗೆ ಏನೂ ಆಗಲಿಲ್ಲ. ಬೇರೆಯಾಗಿ ಸುತ್ತಿಟ್ಟಿದ್ದ ಅಂಬಾರಿ ಮಾತ್ರ ಉಳಿದು ಆನೆ ಪುಡಿಯಾಯಿತು.

ಅಂದಿನಿಂದ ರಾಜ ರಾಣಿಯರ ವಾಸ, ಜರಿ ಬಟ್ಟೆ ಸುತ್ತಿದ ಟಿಶ್ಯೂ ಬಾಕ್ಸಿನ ಮೇಲೆ! ಪ್ರತಿ ವರ್ಷ ಕುಂಕುಮಕ್ಕೆ ಬಂದ ಪ್ರತಿಯೊಬ್ಬ ಹೆಂಗಸಿಗೂ ಮೀರಾ ಟಿಶ್ಯೂ ಬಾಕ್ಸ್ ತೋರಿಸಿ, "ಇಲ್ಲೊಂದು ಆನೆ ಇತ್ತು. ನಮ್ಮೆಜಮಾನ್ರು ಅದರ ಮೇಲೆ ಕುಕ್ಕರ್ ಇಟ್ಟರು," ಎನ್ನುವಳು. ಹೆಂಗಸು ಟಿಶ್ಯೂ ಬಾಕ್ಸ್ ನೋಡುವಳು, ಆಮೇಲೆ ದ್ವಾರಕನಾಥರನ್ನು ನೋಡುವಳು. ಎಂಟು ವರ್ಷ, ವರ್ಷಕ್ಕೆ ಮೂವತ್ತು ಮನೆಯವರು! ಇಡೀ ಸಿಂಗಾಪುರದ ಕನ್ನಡಿಗರಲ್ಲಿ ಈ ಮನುಷ್ಯನಿಗೆ ಬೇರೆ ಪರಿಚಯವೇ ಉಳಿದಿರಲಿಲ್ಲ. ಆ ಒಂದು ವಾಕ್ಯವನ್ನು ಹೆಂಡತಿಯ ಬಾಯಿಂದ ಶಾಶ್ವತವಾಗಿ ನಿವೃತ್ತಿ ಮಾಡಿಸಬೇಕು, ಇದೇ ಅವರ ಪಣ.

ಹೊರಗೆ ಹೇಳಿಕೊಳ್ಳದ ಇನ್ನೊಂದು ಕಾರಣವೂ ಇತ್ತು. ಆನೆ ಪುಡಿಯಾದ ದಿನ ಮೀರಾ ಬೈಯಲಿಲ್ಲ. ಅಡಿಗೆಮನೆಗೆ ಹೋಗಿ, ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತಳು. ಅದು ದ್ವಾರಕನಾಥರಿಗೆ ಕೇಳಿಸಿತ್ತು. ಎಂಟು ವರ್ಷದಿಂದ ಅದು ಅವರ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು.

ಸರಿ, ಸಾಮಗ್ರಿ ಸಂಗ್ರಹ ಶುರುವಾಯಿತು. "ಪಾರ್ಕಲ್ಲಿ ಬಿದ್ದಿರೋ ಎಲೆನೂ ಎತ್ಕೋಬೇಡ ಅಪ್ಪ, ಫೈನ್ ಬೀಳತ್ತೆ," ಎಂದು ಸಂಹಿತಾ ಹೆದರಿಸಿದ್ದರಿಂದ, ಅವರು ಬ್ಲಾಕ್ ಗುಡಿಸುವ ಅಂಕಲ್‌ನ ಸ್ನೇಹ ಬೆಳೆಸಿದರು. ಕಸಕ್ಕೆ ಹೋಗಬೇಕಿದ್ದ ಚೀಲಗಳು ಲಿಫ್ಟ್ ಹತ್ತಿ ಒಂಬತ್ತನೇ ಮಹಡಿಗೆ ಬರತೊಡಗಿದವು. ನಾಲ್ಕು ಕಾಲಿಗೆ ನಾಲ್ಕು ತೆಂಗಿನ ಹೆಡೆಮಟ್ಟೆ. ಕಿವಿಗೆ ಪಾಮ್ ಮರದ ಅಗಲವಾದ ಹಾಳೆ. ಸೊಂಡಿಲಿಗೆ ತೆಂಗಿನ ನಾರಿನ ಹಗ್ಗ. ಕಣ್ಣಿಗೆ ಅಂಟುವಾಳದ ಕಪ್ಪು ಬೀಜ.

ಉಳಿದದ್ದನ್ನು ಮನೆಯೇ ಒದಗಿಸಿತು. ಬಟ್ಟೆ ಹಾಕುವ ಬೆತ್ತದ ಬುಟ್ಟಿ ಮಾಯವಾಗಿ ಆನೆಯ ಹೊಟ್ಟೆಯಾಯಿತು. ಕಡ್ಡಿ ಪೊರಕೆ ದಿನದಿಂದ ದಿನಕ್ಕೆ ಬಡವಾಗಿ ಆನೆಯ ಬಾಲ ದಪ್ಪವಾಯಿತು.

ಇದೆಲ್ಲ ನಡೆದದ್ದು ಬಾಂಬ್ ಶೆಲ್ಟರಿನಲ್ಲಿ. ಸಿಂಗಾಪುರದ ಫ್ಲ್ಯಾಟುಗಳಲ್ಲಿ ಯುದ್ಧ ಬಂದರೆ ಇರಲಿ ಎಂದು ಗೋಣಿಮೂಟೆಯಂತೆ ದಪ್ಪ ಗೋಡೆ, ಕಬ್ಬಿಣದ ಬಾಗಿಲು ಇರುವ ಒಂದು ಪುಟ್ಟ ಕೋಣೆ ಇರುತ್ತದೆ. ಯುದ್ಧ ಬರಲಿಲ್ಲವಾಗಿ ಎಲ್ಲರೂ ಅಲ್ಲಿ ಅಕ್ಕಿ ಮೂಟೆ, ಸೂಟ್‌ಕೇಸ್ ಇಡುತ್ತಾರೆ. ದ್ವಾರಕನಾಥರು ಅದನ್ನು ಸ್ಟುಡಿಯೋ ಎಂದು ಕರೆದರು. "ಭಾನುವಾರ ಪಾಡ್ಯದವರೆಗೂ ಯಾರೂ ಬಾಗಿಲು ತೆಗೀಬಾರದು!" ಎಂದು ಆಜ್ಞೆಯಾಯಿತು.

ಎಲ್ಲ ಸರಿ, ಆದರೆ ಆನೆಗೆ ಚರ್ಮ ಬೇಡವೇ? ಒರಟಾಗಿರಬೇಕು, ಕಂದು ಬೂದಿ ಬಣ್ಣ ಇರಬೇಕು, ಹತ್ತಿರದಿಂದ ನೋಡಿದರೆ ಚುಕ್ಕೆ ಚುಕ್ಕೆಯಾಗಿ ಕಾಣಬೇಕು. ಬೂದುಬಣ್ಣ ಹುಡುಕುತ್ತ ಶೆಲ್ಟರಿನ ಶೆಲ್ಫ್ ತಡಕುತ್ತಿದ್ದಾಗ ಕೈಗೆ ಸಿಕ್ಕಿದ್ದು ಮೈಸೂರಿನಿಂದ ತಂದ ರಾಗಿಯ ಡಬ್ಬ. ದ್ವಾರಕನಾಥರಿಗೆ ಜ್ಞಾನೋದಯವಾಯಿತು!

"ಮೀರಾ, ಸ್ವಲ್ಪ ರಾಗಿ ತಗೋತೀನಿ."

"ಎಷ್ಟು?"

"ಒಂದು ಲೋಟ."

ಮೂರು ಕೆ.ಜಿ. ಖಾಲಿಯಾಯಿತು. ಮೈದಾ ಗಂಜಿ ಕಾಯಿಸಿ, ಆನೆಯ ಮೈಗೆಲ್ಲ ಬಳಿದು, ಅದರ ಮೇಲೆ ರಾಗಿ ಒತ್ತಿ ಒತ್ತಿ ಕೂರಿಸಿದರು. ಬುಧವಾರ ಸಂಜೆ ಹೊತ್ತಿಗೆ ಸಾಕ್ಷಾತ್ ಗಜರಾಜ ನಿಂತಿದ್ದ. ನಿಜಕ್ಕೂ ಚೆನ್ನಾಗಿತ್ತು ಸ್ವಾಮಿ, ನಗಬೇಡಿ! ಬಣ್ಣ, ಮೈಯ ಒರಟು, ತಲೆಯ ಬಾಗು, ಎಲ್ಲಾ ಇತ್ತು. ದ್ವಾರಕನಾಥರು ಉಳಿದಿದ್ದ ಅಂಬಾರಿಯನ್ನು ಬೆನ್ನ ಮೇಲಿಟ್ಟು ನೋಡಿದರು, ಅಳೆದು ಮಾಡಿಸಿದ ಹಾಗೆ ಕೂತಿತು. ಅವರ ಕಣ್ಣಲ್ಲಿ ನೀರು ಬಂತು.

ಗುರುವಾರ ಬೆಳಿಗ್ಗೆ ನೋಡಿದರೆ ಗಜರಾಜನ ಹೊಟ್ಟೆಗೆ ಅಡ್ಡಲಾಗಿ ಬಿರುಕು! ಬೆನ್ನಿಗೆ ಎರಡು, ಕುಂಡೆಗೆ ಒಂದು.

ಕಂಪನಿ ಬಸ್ಸಿನಲ್ಲಿ ಪಕ್ಕದ ಸೀಟಿನವನು ದಿವಾಕರ, ಸಿವಿಲ್ ಎಂಜಿನಿಯರ್. ಒಣ ಆನೆಯ ಮೈಗೆ ರಾಗಿ ಅಂಟಿಸುತ್ತಿದ್ದೇನೆ ಎಂದು ಸಹೋದ್ಯೋಗಿಗೆ ಹೇಳಿದರೆ ಮರ್ಯಾದೆ ಉಳಿಯುತ್ತದೆಯೇ? ದ್ವಾರಕನಾಥರು ಗಂಟಲು ಸರಿಪಡಿಸಿಕೊಂಡು, "ದಿವಾಕರ, ಹೊಸ ಪ್ಲಾಸ್ಟರಿಂಗು ಒಂದೇ ರಾತ್ರಿಲಿ ಬಿರುಕು ಬಿಟ್ಟರೆ ಏನಪ್ಪಾ ಅರ್ಥ?" ಎಂದರು.

"ತುಂಬಾ ಬೇಗ ಒಣಗಿದೆ ಅಂತ ಅರ್ಥ ಸಾರ್. ಕ್ಯೂರಿಂಗ್ ಮಾಡಿಲ್ವಾ?"

"ಅಂದ್ರೆ?"

"ಒದ್ದೆ ಬಟ್ಟೆ ಸುತ್ತಿಬಿಡಿ. ದಿನಕ್ಕೆ ಮೂರು ಸಲ ನೀರು ಕುಡಿಸಿ. ಕನಿಷ್ಠ ಮೂರು ದಿನ. ಮಧ್ಯದಲ್ಲಿ ಬಿಚ್ಚಿ ನೋಡೋಕೆ ಹೋಗಬೇಡಿ, ಗಾಳಿ ತಗುಲಿದ್ರೆ ಮತ್ತೆ ಬಿರುಕೇ. ಯಾವ ಗೋಡೆ ಸಾರ್?"

"ಇದೆ ಒಂದು," ಎಂದು ದ್ವಾರಕನಾಥರು ಕಿಟಕಿಯ ಕಡೆ ತಿರುಗಿದರು.

ಎಂಜಿನಿಯರಿಗೆ ಎಂಜಿನಿಯರ್ ಹೇಳಿದ ಮೇಲೆ ಮುಗಿಯಿತು! ಗುರುವಾರ ಸಂಜೆ ಬಿರುಕುಗಳಿಗೆ ಇನ್ನಷ್ಟು ಮೈದಾ ಮೆತ್ತಿ, ತಮ್ಮ ನಾಲ್ಕು ಪಂಚೆಗಳನ್ನು ನೀರಲ್ಲಿ ಅದ್ದಿ, ಆನೆಗೆ ತಲೆಯಿಂದ ಬಾಲದವರೆಗೆ ಸುತ್ತಿದರು. ಬೆಳಿಗ್ಗೆ ಒಂದು ಬಕೆಟ್, ಸಂಜೆ ಒಂದು ಬಕೆಟ್, ಮಲಗುವ ಮುಂಚೆ ಒಂದು ತಂಬಿಗೆ. ಕಬ್ಬಿಣದ ಬಾಗಿಲು ಮುಚ್ಚಿದರೆ ಒಳಗೆ ಕತ್ತಲೆ, ಸೆಕೆ, ತೇವ. ಕ್ಯೂರಿಂಗ್ ಅಂದರೆ ಹಾಗಿರಬೇಕು!

ಶುಕ್ರವಾರ ಮನೆಯಲ್ಲಿ ಹುಳಿ ವಾಸನೆ ಶುರುವಾಯಿತು. ಮೀರಾ ಮೂಗು ಅರಳಿಸಿ ಅಡಿಗೆಮನೆಯೆಲ್ಲ ಸುತ್ತಿದಳು. ಇಡ್ಲಿ ಹಿಟ್ಟು ಕೆಟ್ಟಿದೆಯೆಂದು ಒಂದು ಪಾತ್ರೆ ಹಿಟ್ಟನ್ನು ಚೆಲ್ಲಿದಳು. ಶನಿವಾರ ವಾಸನೆ ಇಮ್ಮಡಿಯಾಯಿತು.

"ರೀ, ನಿಮ್ಮ ಸೇಫ್ಟಿ ಶೂ ಎಲ್ಲಿಟ್ಟಿದ್ದೀರಾ?"

"ಬಾಗಿಲ ಹೊರಗೇ ಇದೆ ಕಣೇ!"

"ಹಾಗಾದ್ರೆ ಕಾಲು ತೊಳೆದುಕೊಂಡು ಬನ್ನಿ."

ಬಡಪಾಯಿ ಮೂರು ಸಲ ಕಾಲು ತೊಳೆದರು. ಆನೆಯ ಮೇಲೆ ಅವರಿಗೆ ಅನುಮಾನ ಬರಲೇ ಇಲ್ಲ. ಎಂಜಿನಿಯರುಗಳಿಗೆ ತಮ್ಮ ವಾಸನೆಯ ಮೇಲೆ ಅನುಮಾನ ಬಂದೀತು, ತಮ್ಮ ಡಿಸೈನ್ ಮೇಲೆ ಬರುವುದಿಲ್ಲ.

ಭಾನುವಾರ ಸಂಜೆ ಬಂತು. ಹಾಲಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೊಂಬೆಗಳು, ತಟ್ಟೆಯಲ್ಲಿ ಕಡಲೆಕಾಳಿನ ಉಸಲಿ, ಊದುಬತ್ತಿ, ಮಲ್ಲಿಗೆ. ಬಂದವರಲ್ಲಿ ಧಾರವಾಡದ ರಜನಿ ಆಂಟಿ ಇದ್ದರು. ಸಿಂಗಾಪುರದ ಬ್ಯಾಂಕಿನಲ್ಲಿ ದೊಡ್ಡ ಹುದ್ದೆ. ಯಾವ ಮನೆಯಲ್ಲಿ ಆರತಿಯಾದರೂ ಹಾಡು ಅವರದೇ, ಹಾಡಿನ ಒಂದು ನುಡಿಯನ್ನೂ ಬಿಡುವವರಲ್ಲ. ದಿವಾಕರನೂ ಹೆಂಡತಿಯೊಂದಿಗೆ ಬಂದು ಸೋಫಾದ ಮೂಲೆ ಹಿಡಿದಿದ್ದ. ಇನ್ನೂ ಹತ್ತು ಹನ್ನೆರಡು ಮಂದಿ. ದ್ವಾರಕನಾಥರು ಆಫೀಸ್ ಪ್ಯಾಂಟಿನ ಮೇಲೆ ಜರಿ ಶಲ್ಯ ಹೊದ್ದು ಓಡಾಡುತ್ತಿದ್ದರು.

"ಪಂಚೆ ಉಟ್ಕೊಳ್ಳೋಕೆ ಏನಾಗಿತ್ತು?" ಮೀರಾ ಹಲ್ಲು ಕಚ್ಚಿ ಕೇಳಿದಳು.

"ಪಂಚೆ ಆನೆ ಉಟ್ಕೊಂಡಿದೆ."

ಟ್ರಾಲಿಯ ಮೇಲೆ, ನಾಲ್ಕು ಪಂಚೆ ಸುತ್ತಿದ ಗಜರಾಜನ ಆಗಮನವಾಯಿತು. ದ್ವಾರಕನಾಥರು ಅದನ್ನು ಗೊಂಬೆಗಳ ಮುಂದಿದ್ದ ಗಟ್ಟಿ ಮಣೆಯ ಮೇಲೆ ಎತ್ತಿಟ್ಟರು. ಬುಧವಾರಕ್ಕಿಂತ ಭಾರ ಎನಿಸಿತು. ಗಟ್ಟಿಯಾಗಿದೆ ಎಂದು ಖುಷಿಪಟ್ಟರು.

"ಮಹನೀಯರೇ, ಮಹಿಳೆಯರೇ! ಎಂಟು ವರ್ಷದಿಂದ ನೀವೆಲ್ಲ ಒಂದು ಟಿಶ್ಯೂ ಬಾಕ್ಸ್ ನೋಡಿಕೊಂಡು ಬಂದಿದ್ದೀರಿ. ಇವತ್ತಿಗೆ ಅದು ಮುಗೀತು!" ಎಂದು ಪಂಚೆಯನ್ನು ಸರ್ರನೆ ಎಳೆದರು.

ಎಲ್ಲರೂ ಮುಂದಕ್ಕೆ ಬಗ್ಗಿ ನೋಡಿದರು.

ಆನೆಗೆ ಗಡ್ಡ ಬಂದಿತ್ತು. ಗಡ್ಡ ಮಾತ್ರವಲ್ಲ, ಮೀಸೆ, ಎದೆಗೂದಲು, ಹೊಟ್ಟೆಗೂದಲು, ಕಿವಿಯ ಹಿಂದೆ ಕೂದಲು! ಮೂರು ಕೆ.ಜಿ. ರಾಗಿಯಲ್ಲಿ ಒಂದು ಕಾಳೂ ಬಿಡದೆ ಮೊಳಕೆಯೊಡೆದು, ಬಿಳಿಯ ನೂಲಿನಂತೆ ಅರ್ಧ ಬೆರಳುದ್ದ ಬೆಳೆದು, ತುದಿಯಲ್ಲಿ ತಿಳಿ ಹಳದಿ ಚಿಗುರು ಇಣುಕುತ್ತಿತ್ತು. ಒಣ ಗಿಡಗಳ ಶಿಲ್ಪಕ್ಕೆ ಜೀವ ಬಂದಿತ್ತು.

"ಅಪ್ಪ, ವೈ ಗಾಟ್ ಹೇರ್ ಆ?" ಎಂದಳು ಸಂಹಿತಾ.

ಮೀರಾ ಆನೆಯನ್ನು ನೋಡಿದಳು. ಬಗ್ಗಿ ಮೂಸಿದಳು. ಪಂಚೆಯನ್ನು ಮುಟ್ಟಿ ನೋಡಿದಳು. ಗಂಡನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ರಾಗಿ ನೆನೆಸಿ ಒದ್ದೆ ಬಟ್ಟೇಲಿ ಕಟ್ಟಿಟ್ರಾ?"

"ಕ್ಯೂರಿಂಗು..."

"ಇಪ್ಪತ್ತು ವರ್ಷದಿಂದ ರಾಗಿ ಮಾಲ್ಟಿಗೆ ಅಂತ ನಾನು ಅದನ್ನೇ ಅಲ್ವೇನ್ರೀ ಮಾಡ್ತಿರೋದು? ನಿಮ್ಮ ಕಣ್ಣೆದುರಿಗೇ!"

ಭೂಮಿ ಬಾಯಿಬಿಡಬಾರದೇ ಎಂದುಕೊಂಡರು ದ್ವಾರಕನಾಥರು. ಒಂಬತ್ತನೇ ಮಹಡಿಯಲ್ಲಿ ಭೂಮಿಯೂ ಕೈಗೆ ಸಿಗುವಂತಿರಲಿಲ್ಲ. ಅಷ್ಟರಲ್ಲಿ ರಜನಿ ಆಂಟಿ ಎದೆಯ ಮೇಲೆ ಕೈಯಿಟ್ಟುಕೊಂಡು ಮುಂದೆ ಬಂದರು. ಸಿಂಗಾಪುರಕ್ಕೆ ಬಂದ ಮೇಲೆ ಬೆಂಗಳೂರಿನ ಮಾತು ರೂಢಿಸಿಕೊಂಡವರು, ಖುಷಿಯಾದರೆ ಮಾತ್ರ ಧಾರವಾಡ ನುಗ್ಗಿ ಬರುತ್ತಿತ್ತು.

"ಅಯ್ಯ ನಮ್ಮವ್ವ! ಎಷ್ಟ್ ಛಲೋ ಮಾಡೀರಿ ಸರ! ನಮ್ಮ ಕಡೆ ನವರಾತ್ರಿಗೆ ಘಟ್ಟ ಹಾಕ್ತೀವಲ್ಲ, ಮಣ್ಣಾಗ ಕಾಳು ಹಾಕಿ ಸಸಿ ಬರಸ್ತೀವಿ. ನೀವು ಆನಿ ಮ್ಯಾಲೇ ಬರಸೀರಿ! ಏನ್ ತಲಿ, ಏನ್ ತಲಿ!"

ಮುಳುಗುತ್ತಿದ್ದವನಿಗೆ ದೋಣಿಯೇ ಸಿಕ್ಕಿತು! ದ್ವಾರಕನಾಥರ ಬೆನ್ನು ನೆಟ್ಟಗಾಯಿತು. "ಹೌದು ರಜನಿಯವರೇ. ಒಣಗಿದ್ದರಲ್ಲಿ ಜೀವ ಹುಟ್ಟಿಸಬೇಕು ಅನ್ನೋದೇ ನನ್ನ ಕಾನ್ಸೆಪ್ಟು. ಬಹಳ ಲೆಕ್ಕ ಹಾಕಿ ಮಾಡಿದ್ದು," ಎಂದರು. ಮೀರಾ ಗಂಡನ ಮುಖ ನೋಡಿದಳು. ಹದಿನೈದು ಜನರ ಮುಂದೆ ಗುಟ್ಟು ಒಡೆಯುವುದು ಯಾಕೆ ಎನ್ನಿಸಿರಬೇಕು. "ಸರಿ, ಗೊಂಬೆ ಕೂರಿಸೋಣ," ಎಂದಳು.

ಅಂಬಾರಿಯನ್ನು ಆನೆಯ ಬೆನ್ನ ಮೇಲಿಟ್ಟು, ರಾಜ ರಾಣಿಯರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ಅವಳು ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ಎಂಟು ವರ್ಷದ ಮೇಲೆ ಅವರಿಬ್ಬರೂ ತಮ್ಮ ಎತ್ತರಕ್ಕೆ ಹತ್ತಿದ್ದರು. "ಅಜ್ಜಿ ಮನೇಲಿ ಹೀಗೇ ಇದ್ರು," ಎಂದಳು. ದ್ವಾರಕನಾಥರಿಗೆ ಅಷ್ಟೇ ಸಾಕಿತ್ತು. ಅಲ್ಲಿಗೇ ಸುಮ್ಮನಿದ್ದಿದ್ದರೆ!

ಸುಮ್ಮನಿರುವ ಜಾತಿಯೇ ಅಲ್ಲವಲ್ಲ. "ಇದರ ಸ್ಟ್ರಕ್ಚರಲ್ ಸ್ಟೆಬಿಲಿಟಿ ಬಗ್ಗೆ ಎರಡು ಮಾತು..." ಎಂದು ಶುರು ಹಚ್ಚಿಕೊಂಡರು.

ಸೋಫಾದ ಮೂಲೆಯಿಂದ ದಿವಾಕರ ಎದ್ದು ಬಂದ. ಆನೆಯನ್ನು ಸುತ್ತು ಹಾಕಿದ. ಮಣೆಯ ಕೆಳಗೆ ಹರಿಯುತ್ತಿದ್ದ ಸಣ್ಣ ನೀರಿನ ಗೆರೆಯನ್ನು ನೋಡಿದ. "ಸಾರ್, ಗುರುವಾರ ಬಸ್ಸಲ್ಲಿ ಹೇಳಿದ ಪ್ಲಾಸ್ಟರಿಂಗು... ಇದೇನಾ?"

"ಆಮೇಲೆ ಮಾತಾಡೋಣ ದಿವಾಕರ."

"ಅಲ್ಲ ಸಾರ್, ಮುಂದಿನ ಕಾಲು ಬಾಗ್ತಿದೆ!"

ಮೂರು ದಿನ ನೀರು ಕುಡಿದ ಹೆಡೆಮಟ್ಟೆ ಎಷ್ಟು ಹೊತ್ತು ತಡೆದೀತು? ಗಜರಾಜ ಮೊದಲು ಮುಂಗಾಲು ಮಡಿಸಿದ. "ನಮಸ್ಕಾರಾನೂ ಮಾಡ್ತದ!" ಎಂದು ರಜನಿ ಆಂಟಿ ಚಪ್ಪಾಳೆ ತಟ್ಟಿದರು. ಅಂಬಾರಿ ಓರೆಯಾಯಿತು. ರಾಜ, ರಾಣಿಯ ಕಡೆ ವಾಲಿದ. ಮೀರಾ ಕಿಟಾರನೆ ಕಿರುಚಿದಳು.

ಇಪ್ಪತ್ತೆರಡು ವರ್ಷದ ಸೇಫ್ಟಿ ಟ್ರೇನಿಂಗಿನಲ್ಲಿ ಕಲಿಯದ್ದನ್ನು ದ್ವಾರಕನಾಥರು ಆ ಕ್ಷಣದಲ್ಲಿ ಮಾಡಿದರು. ನೆಲಕ್ಕೆ ಹಾರಿ, ಎರಡು ಕೈ ಎರಡು ಮೊಣಕಾಲು ಊರಿ, ಬೀಳುವ ಆನೆಯ ಪಕ್ಕಕ್ಕೆ ಬೆನ್ನು ಕೊಟ್ಟರು. ಆನೆ ಒಂದು ಕಡೆ ಒದ್ದೆ ಹುಲ್ಲಿನ ರಾಶಿಯಾಗಿ ಕುಸಿಯಿತು. ಅಂಬಾರಿ ಮೆತ್ತಗೆ ಜಾರಿ ಅವರ ಬೆನ್ನ ಮೇಲೆ ಕೂತಿತು. ರಾಜನೂ ರಾಣಿಯೂ ಅಲ್ಲಾಡದೆ, ಒಂದು ಚೂರೂ ಮುಕ್ಕಾಗದೆ, ಜರಿ ಶಲ್ಯದ ಮೇಲೆ ವಿರಾಜಮಾನರಾದರು.

"ತೆಗೀರಿ! ಬೇಗ ತೆಗೀರಿ!" ಎಂದರು ದ್ವಾರಕನಾಥರು ಕೆಳಗಿನಿಂದ.

ಸಂಹಿತಾ ಕೈ ಚಾಚಿದಳು. ಮೀರಾ ಅವಳ ಕೈ ಹಿಡಿದಳು. "ಮುಟ್ಟಬೇಡ. ಕೂರಿಸಿದ ಮೇಲೆ ಆರತಿ ಆಗೋವರೆಗೂ ಪಟ್ಟದ ಗೊಂಬೆ ಎತ್ತೋ ಹಾಗಿಲ್ಲ. ಅಜ್ಜಿ ಕಾಲದಿಂದ ನಮ್ಮನೆ ಪದ್ಧತಿ."

"ಮೀರಾ! ಮಂಡಿ ಕಣೇ!"

"ಅಲ್ಲಾಡಬೇಡಿ ಅಂದ್ರೆ. ರಜನಿ ಆಂಟಿ, ನೀವು ಹಾಡಿ."

ರಜನಿ ಆಂಟಿ ಗಂಟಲು ಸರಿಮಾಡಿಕೊಂಡರು. ಹಾಡಿಗೆ ಹನ್ನೊಂದು ನುಡಿ ಇದ್ದವು. ಹನ್ನೊಂದನ್ನೂ, ಪ್ರತಿ ನುಡಿಗೆ ಎರಡೆರಡು ಸಲ ಪಲ್ಲವಿಯೊಂದಿಗೆ, ಸಾವಧಾನವಾಗಿ ಹಾಡಿದರು. ಮೀರಾ ರಾಜನಿಗೆ, ರಾಣಿಗೆ ಆರತಿ ಎತ್ತಿದಳು. ತಟ್ಟೆ ಕೆಳಗೆ ಬಂದಾಗ ಗಂಡನ ಹಣೆಗೂ ಒಂದು ಕುಂಕುಮವಿಟ್ಟಳು. ಆಗ ಅವಳ ತುಟಿ ನಡುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡರು ದ್ವಾರಕನಾಥರು. ಇಲ್ಲ, ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕುತ್ತಿದ್ದಳು! ಅದು ಕಂಡದ್ದೇ ಅವರಿಗೂ ನಗು ಬಂತು. ನಕ್ಕರೆ ರಾಜ ರಾಣಿ ಅಲ್ಲಾಡುತ್ತಾರೆ. ಹನ್ನೊಂದು ನುಡಿಯವರೆಗೂ ಉಸಿರು ಬಿಗಿಹಿಡಿದು, ಕಣ್ಣಲ್ಲಿ ನೀರು ಸುರಿಸುತ್ತ, ಆ ಮನುಷ್ಯ ಆನೆಯಾಗಿಯೇ ನಿಂತರು. ದಿವಾಕರ ವಿಡಿಯೋ ಮಾಡಿದ. ಸೋಮವಾರ ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ ಅದನ್ನು ನೋಡದವನು ಡ್ರೈವರ್ ಒಬ್ಬನೇ, ಅವನೂ ಗೇಟಿನ ಹತ್ತಿರ ಬಸ್ ನಿಲ್ಲಿಸಿದ ಮೇಲೆ ನೋಡಿದ.

ಪಾಡ್ಯದ ಮರುದಿನ ಟಿಶ್ಯೂ ಬಾಕ್ಸ್ ತನ್ನ ಜಾಗಕ್ಕೆ ವಾಪಸಾಯಿತು. ಅದರ ಎರಡು ಪಕ್ಕಕ್ಕೂ, ಕೊಳೆಯದೆ ಉಳಿದಿದ್ದ ಹಾಳೆಯ ಕಿವಿಗಳೆರಡನ್ನು ಮೀರಾ ತಾನೇ ಅಂಟಿಸಿದಳು, ಟ್ಯೂಬಿನ ಗಮ್ಮಿನಿಂದ. ಗುಡಿಸುವ ಅಂಕಲ್ ತಾನು ಕೊಟ್ಟ ಚೀಲಗಳನ್ನೆಲ್ಲ, ರಾಗಿ ಪೈರಿನ ಸಮೇತ, ವಾಪಸು ಪಡೆದು ಆಶ್ಚರ್ಯಪಟ್ಟ.

ದ್ವಾರಕನಾಥರಿಗೆ ಒಂದು ಸಮಾಧಾನವಂತೂ ಇತ್ತು. ಗೊಂಬೆ ಉಳಿಸಿದ್ದೇನಲ್ಲ, ಇನ್ನಾದರೂ ಆ ಹಳೆಯ ವಾಕ್ಯ ನಿಂತೀತು! ಮಂಗಳವಾರ ಸಂಜೆ ಪಾಸಿರ್ ಪಂಜಾಂಗ್‌ನಿಂದ ಹೊಸಬರೊಬ್ಬರು ಕುಂಕುಮಕ್ಕೆ ಬಂದರು. ದ್ವಾರಕನಾಥರು ಅಡಿಗೆಮನೆಯಲ್ಲಿ ಡಿಕಾಕ್ಷನ್ ಇಳಿಸುತ್ತ ಕಿವಿ ನಿಮಿರಿಸಿದರು.

"ಇದೇನು ಮೀರಾ, ಟಿಶ್ಯೂ ಬಾಕ್ಸಿಗೆ ಕಿವಿ?" ಎಂದು ಹೊಸಬರು ಕೇಳಿದರು.

"ಇಲ್ಲಿ ಮೂರು ಆನೆ ಇದ್ವು," ಎಂದಳು ಮೀರಾ. "ಒಂದರ ಮೇಲೆ ನಮ್ಮೆಜಮಾನ್ರು ಕುಕ್ಕರ್ ಇಟ್ಟರು. ಇನ್ನೊಂದಕ್ಕೆ ನೀರು ಹಾಕಿ ಬೆಳೆಸಿದ್ರು."

"ಅಯ್ಯೋ! ಮೂರನೇದು?"

"ಅದು ಗಟ್ಟಿಮುಟ್ಟಾಗಿದೆ. ಕೂತ್ಕೊಳ್ಳಿ, ಈಗ ಕಾಫಿ ತಗೊಂಡು ಬರತ್ತೆ."